ನಿಮ್ಮ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೀತಿದೆಯಾ? ಒಂದು ಗೋಡೆ, ಒಂದು ಸೀಮೆಸುಣ್ಣ, ಒಂದು ಸಂಜೆ

ಹೋದ ವರ್ಷ ಊರಹಬ್ಬ ಮುಗಿಸಿಕೊಂಡು ಹಾಸನದ ಕಡೆಯಿಂದ ಬೆಂಗಳೂರಿಗೆ ರಾತ್ರಿ ಹೊರಟಿದ್ದೆವು. ಮುಂದೆ ಭಾಮೈದನ ಕಾರು, ಹಿಂದೆ ನನ್ನದು. ಯಡಿಯೂರು ದಾಟಿ ಟೀಗೆ ನಿಲ್ಲಿಸಿದಾಗ ಅವನು ಕಣ್ಣುಜ್ಜಿಕೊಳ್ಳುತ್ತಾ ಇಳಿದ.

"ಏನ್ ಭಾವ, ಅಲ್ಲಿಂದ ಇಲ್ಲೀವರ್ಗೂ ಹೈ ಬೀಮ್ ಹಾಕ್ಕೊಂಡೇ ಬಂದ್ರಲ್ಲ. ಮಿರರ್ ನೋಡೋಕಾಗ್ದೆ ಸಾಕಾಯ್ತು."

"ನಾನೆಲ್ಲಪ್ಪ ಹಾಕಿದ್ದೆ? ಲೋ ಬೀಮಲ್ಲೇ ಬಂದಿದ್ದೀನಿ."

ಅವನು ನಂಬಲಿಲ್ಲ. ನನ್ನನ್ನೇ ಕಾರಿನ ಮುಂದೆ ಕರೆದುಕೊಂಡು ಹೋಗಿ ಕುಕ್ಕರುಗಾಲಲ್ಲಿ ಕೂರಿಸಿದ. ಲೋ ಬೀಮೇ ಇತ್ತು, ಆದರೂ ಬೆಳಕು ನೇರ ಕಣ್ಣೊಳಗೇ ಬಂತು. ಡಿಕ್ಕಿಯಲ್ಲಿ ಎರಡು ಮೂಟೆ ತೆಂಗಿನಕಾಯಿ, ಒಂದು ಮೂಟೆ ಅಕ್ಕಿ, ಹಿಂದಿನ ಸೀಟಿನಲ್ಲಿ ಮೂರು ಜನ. ಹಿಂಭಾಗ ಕುಸಿದು ಮೂತಿ ಮೇಲೆದ್ದಿತ್ತು. ಭಾಮೈದ ಒಳಗೆ ಕೈ ಹಾಕಿ ಸ್ಟೇರಿಂಗ್ ಪಕ್ಕದ ಸಣ್ಣ ಡಯಲನ್ನು 0ಯಿಂದ 3ಕ್ಕೆ ತಿರುಗಿಸಿದ. ಟೀ ಅಂಗಡಿಯ ಗೋಡೆ ಮೇಲಿದ್ದ ಬೆಳಕು ಸರ್ರನೆ ಕೆಳಕ್ಕೆ ಜಾರಿತು. ಆ ಕಾರು ನನ್ನ ಹತ್ತಿರ ಏಳು ವರ್ಷದಿಂದ ಇದೆ. ಆ ಡಯಲ್ ಮೀಟರ್ ದೀಪದ ಬ್ರೈಟ್‌ನೆಸ್‌ಗೆ ಅಂತಲೇ ಅಂದುಕೊಂಡಿದ್ದೆ.

ಎದುರು ಗಾಡಿಯವನ ಲೈಟಿಗೆ ಬೈಯದ ಡ್ರೈವರ್ ಇಲ್ಲ. ಆದರೆ ತನ್ನ ಗಾಡಿಯ ಲೈಟನ್ನು ಮುಂದೆ ನಿಂತು ನೋಡಿದವರು ಎಷ್ಟು ಜನ? ಆ ರಾತ್ರಿಯ ನಂತರ ನಾನು ಕಲಿತಿದ್ದನ್ನೆಲ್ಲ ಮಾಡಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಹೆಚ್ಚಿನದಕ್ಕೆ ಕಾಸು ಖರ್ಚಿಲ್ಲ.

ಈಗಿನ ಲೈಟುಗಳು ಯಾಕೆ ಇಷ್ಟು ಚುಚ್ಚುತ್ತವೆ

ಹಳೆಯ ಕಾರುಗಳ ಎಚ್‌4 ಹ್ಯಾಲೊಜೆನ್ ಬಲ್ಬು ಲೋ ಬೀಮಿನಲ್ಲಿ 55 ವ್ಯಾಟ್, ಸುಮಾರು 1000 ಲೂಮೆನ್ (ದೀಪ ಹೊಮ್ಮಿಸುವ ಬೆಳಕಿನ ಅಳತೆ) ಬೆಳಕು. 90ರ ದಶಕದಲ್ಲಿ ಬಂದ ಜೆನಾನ್ ದೀಪ 35 ವ್ಯಾಟಿನಲ್ಲೇ 3000 ಲೂಮೆನ್ ದಾಟಿತು. ಆಮೇಲೆ ಎಲ್‌ಇಡಿ ಬಂತು. ಬೆಳಕಿನ ಒಟ್ಟು ಪ್ರಮಾಣಕ್ಕಿಂತ ಅದು ಎಷ್ಟು ಸಣ್ಣ ಜಾಗದಿಂದ ಹೊಮ್ಮುತ್ತದೆ ಅನ್ನುವುದು ಕಣ್ಣಿಗೆ ಮುಖ್ಯ. ಅಂಗೈಯಗಲದ ಹಳೆಯ ಗಾಜಿನಿಂದ ಬರುತ್ತಿದ್ದ ಬೆಳಕು ಈಗ ನಿಂಬೆಹಣ್ಣಿನಷ್ಟು ಲೆನ್ಸಿನಿಂದ ಬಂದರೆ ಸೂಜಿಯಂತೆ ಚುಚ್ಚುತ್ತದೆ. ಬಣ್ಣವೂ ಬದಲಾಗಿದೆ. ಹ್ಯಾಲೊಜೆನ್‌ನದು 3200 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸಿನ ಹಳದಿ ಬೆಳಕು, ಎಲ್‌ಇಡಿಯದು 5500–6000ದ ಬಿಳಿ. ನೀಲಿ ಅಂಶ ಹೆಚ್ಚಿದಷ್ಟೂ ಕಣ್ಣಿಗೆ ಕಿರಿಕಿರಿ ಹೆಚ್ಚು.

ಇನ್ನು ಎತ್ತರ. ಊರೆಲ್ಲ ಎಸ್‌ಯುವಿ ಆಗಿದೆ. ಸಣ್ಣ ಕಾರಿನಲ್ಲಿ ಕೂತವನ ಕಣ್ಣು ನೆಲದಿಂದ ಸುಮಾರು 1.1 ಮೀಟರ್ ಎತ್ತರದಲ್ಲಿರುತ್ತದೆ. ದೊಡ್ಡ ಗಾಡಿಯ ಲೈಟು 90 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ನಡುವೆ ಒಂದು ಗೇಣಿನಷ್ಟೇ ಅಂತರ.

ಇಷ್ಟೆಲ್ಲ ಇದ್ದರೂ ಸರಿಯಾಗಿ ಕೂರಿಸಿದ ಕಂಪನಿ ಎಲ್‌ಇಡಿ ಲೈಟು ಸಮತಟ್ಟು ರಸ್ತೆಯಲ್ಲಿ ಅಷ್ಟೇನೂ ಕಾಡುವುದಿಲ್ಲ. ಲೋ ಬೀಮಿಗೆ ಮೇಲ್ಗಡೆ ಒಂದು ಗೆರೆ ಇರುತ್ತದೆ, ಮೆಕ್ಯಾನಿಕ್‌ಗಳು ಕಟ್-ಆಫ್ ಅನ್ನುತ್ತಾರೆ. ಗೆರೆಯ ಕೆಳಗೆ ಹಗಲು, ಮೇಲೆ ಹೆಚ್ಚುಕಮ್ಮಿ ಕತ್ತಲು. ಲೈಟು ಒಂದೇ ಒಂದು ಡಿಗ್ರಿ ಮೇಲೆ ತಿರುಗಿದರೆ ಆ ಗೆರೆ ನೂರು ಮೀಟರ್ ದೂರದಲ್ಲಿ ಮುಕ್ಕಾಲಡಿಯಲ್ಲ, ಒಂದಾಳೆತ್ತರ ಮೇಲೇರುತ್ತದೆ, ಲೆಕ್ಕಕ್ಕೆ 1.75 ಮೀಟರ್. ಬೆಳಕು ಜೋರಾದಷ್ಟೂ ಈ ಒಂದು ಡಿಗ್ರಿಯ ತಪ್ಪು ದುಬಾರಿ. ಅದಕ್ಕೇ ಯುರೋಪಿನ ನಿಯಮ 2000 ಲೂಮೆನ್ ದಾಟಿದ ಲೋ ಬೀಮ್ ದೀಪಕ್ಕೆ ತಾನಾಗೇ ಮಟ್ಟ ಸರಿಪಡಿಸಿಕೊಳ್ಳುವ ವ್ಯವಸ್ಥೆ ಇರಲೇಬೇಕು ಅಂದಿತು. ನಮ್ಮಲ್ಲಿ ಡಿಕ್ಕಿ ತುಂಬ ತೆಂಗಿನಕಾಯಿ ಹೇರಿ ಡಯಲ್ 0ಯಲ್ಲಿಟ್ಟು ಹೊರಡುತ್ತೇವೆ.

ಹೆಜ್ಜೆ 1: ನೀಲಿ ದೀಪ ನೋಡಿ

ನಗಬೇಡಿ, ಇದು ನಿಜಕ್ಕೂ ಮೊದಲ ಹೆಜ್ಜೆ. ಮೀಟರ್ ಬೋರ್ಡಿನಲ್ಲಿ ನೀಲಿ ದೀಪ ಉರಿಯುತ್ತಿದ್ದರೆ ಹೈ ಬೀಮ್ ಹಾಕಿದ್ದೀರಿ ಎಂದರ್ಥ. ಲೋ ಬೀಮಿನ ಗುರುತು, ಇರುವ ಗಾಡಿಗಳಲ್ಲಿ, ಹಸಿರು. ಬೀದಿದೀಪವಿರುವ ಊರೊಳಗಿನ ರಸ್ತೆಯಲ್ಲಿ ನೀಲಿ ದೀಪ ಹಚ್ಚಿಕೊಂಡೇ ಮೈಲಿಗಟ್ಟಲೆ ಹೋಗುವವರಲ್ಲಿ ಬಹಳಷ್ಟು ಜನರಿಗೆ ಅದು ಏನೆಂದೇ ಗೊತ್ತಿರುವುದಿಲ್ಲ. ಮನೆಯಲ್ಲಿ ಹೊಸದಾಗಿ ಸ್ಕೂಟರ್ ಕಲಿತವರಿದ್ದರೆ ಇವತ್ತೇ ತೋರಿಸಿಕೊಡಿ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಆಫ್ ಮಾಡಲು ಬರುವುದಿಲ್ಲ, ಹಗಲೂ ಉರಿಯುತ್ತಲೇ ಇರುತ್ತದೆ. ಸ್ವಿಚ್ ಹೈನಲ್ಲಿ ಉಳಿದಿದ್ದರೆ ಬಿಸಿಲಲ್ಲಿ ಓಡಿಸುವವರಿಗೆ ತಿಳಿಯುವುದೇ ಇಲ್ಲ. ಕತ್ತಲಾದ ಮೇಲೂ ಅದೇ ಹಾಗೇ ಮುಂದುವರಿಯುತ್ತದೆ.

ಹೆಜ್ಜೆ 2: ಗಾಜು ಒರೆಸಿ, ಲೆನ್ಸ್ ಪರೀಕ್ಷಿಸಿ

ಹೆಡ್‌ಲೈಟಿನ ಹೊರಗಿನದು ಈಗ ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಮೇಲಿನ ಲೇಪನ ಬಿಸಿಲಿಗೆ ಹೋದ ಮೇಲೆ ಹಳದಿಯಾಗುತ್ತದೆ, ಮಬ್ಬಾಗುತ್ತದೆ. ಮಬ್ಬು ಲೆನ್ಸಿನಿಂದ ಎರಡು ಕಡೆ ನಷ್ಟ: ನಿಮಗೆ ರಸ್ತೆ ಕಾಣುವುದಿಲ್ಲ, ಚದುರಿದ ಬೆಳಕು ಕಟ್-ಆಫ್ ಗೆರೆ ದಾಟಿ ಎದುರಿನವರ ಮುಖಕ್ಕೆ ಹೋಗುತ್ತದೆ.

ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೊಳೆಯುತ್ತದೆ ಅನ್ನುವ ವಿಡಿಯೊ ನೀವೂ ನೋಡಿರುತ್ತೀರಿ. ಹೊಳೆಯುತ್ತದೆ, ಕೆಲವು ವಾರ. ಸರಿಯಾದ ದಾರಿ ಬೇರೆ. ಸುತ್ತಲಿನ ಪೇಂಟಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. 1000, 2000, 3000 ನಂಬರಿನ ವಾಟರ್ ಪೇಪರ್‌ನಲ್ಲಿ ಅದೇ ಕ್ರಮದಲ್ಲಿ, ನೀರು ಹಾಕುತ್ತಾ ಉಜ್ಜಿ. ಮೊದಲು ಇನ್ನೂ ಮಬ್ಬಾಗಿ ಕಂಡು ಎದೆ ಧಸಕ್ಕೆನ್ನುತ್ತದೆ, ಹೆದರಬೇಡಿ. ಆಮೇಲೆ ರಬ್ಬಿಂಗ್ ಕಾಂಪೌಂಡ್. ಕೊನೆಗೆ ಯುವಿ ಕ್ಲಿಯರ್ ಕೋಟ್. ಈ ಕೊನೆಯದನ್ನು ಬಿಟ್ಟರೆ ಬಿಸಿಲಿಗೆ ಬೇಗನೆ ಮತ್ತೆ ಹಳದಿ. ಒಳಗಡೆಯಿಂದಲೇ ಮಬ್ಬಾಗಿದ್ದರೆ ಅಥವಾ ಬಲ್ಬಿನ ಹಿಂದಿನ ಕನ್ನಡಿಯಂಥ ರಿಫ್ಲೆಕ್ಟರಿನ ಬೆಳ್ಳಿಬಣ್ಣ ಸುಟ್ಟು ಹೋಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಲೈಟೇ ಬದಲಿಸಬೇಕು.

ಹೆಜ್ಜೆ 3: ಗೋಡೆ ಪರೀಕ್ಷೆ

ಈ ಬರಹದ ಜೀವ ಇದೇ. ಅರ್ಧ ಗಂಟೆ ಬೇಕು. ನೆಲ ಸಮತಟ್ಟಾಗಿರಬೇಕು, ಎದುರಿಗೆ ನೇರ ಗೋಡೆ ಇರಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್, ಶಾಲೆ ಕಾಂಪೌಂಡು, ಕಲ್ಯಾಣ ಮಂಟಪದ ಹಿಂಬದಿ, ಯಾವುದಾದರೂ ಸರಿ. ರಸ್ತೆ ಪಕ್ಕದ ಇಳಿಜಾರು ಜಾಗ ಬೇಡ.

ಮೊದಲು ಟೈರಿಗೆ ಸರಿಯಾದ ಗಾಳಿ. ಎಷ್ಟು ಅಂತ ಡ್ರೈವರ್ ಬಾಗಿಲ ಬಳಿಯ ಸ್ಟಿಕರಿನಲ್ಲಿ ಇರುತ್ತದೆ. ಡಿಕ್ಕಿ ಖಾಲಿ ಮಾಡಿ. ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ. ಡಯಲ್ 0ಗೆ ತನ್ನಿ. ಕಾರನ್ನು ಮೂತಿ ತಾಗುವಷ್ಟು ಹತ್ತಿರಕ್ಕೆ ನೇರವಾಗಿ ನಿಲ್ಲಿಸಿ, ಪ್ರತಿ ಲೋ ಬೀಮ್ ದೀಪದ ನಡುಮಧ್ಯಕ್ಕೆ ಎದುರಾಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕೂಡಿಸುವ ಗುರುತು ಹಾಕಿ. ಹಲವು ಲೆನ್ಸುಗಳ ನಡುವೆ ಸಣ್ಣ ಚುಕ್ಕಿ ಇರುತ್ತದೆ, ಅದೇ ಮಧ್ಯ. ಹೈ ಮತ್ತು ಲೋ ಬೇರೆ ಬೇರೆ ದೀಪಗಳಾಗಿದ್ದರೆ ಲೋ ಯಾವುದೆಂದು ಹಚ್ಚಿ ನೋಡಿಕೊಳ್ಳಿ. ನಾನು ಮೊದಲ ಸಲ ತಪ್ಪು ದೀಪಕ್ಕೆ ಗುರುತು ಹಾಕಿ ಅರ್ಧ ಗಂಟೆ ಕಳೆದೆ.

ಈಗ ಸ್ಟೇರಿಂಗ್ ತಿರುಗಿಸದೆ ನೇರ 10 ಮೀಟರ್ ಹಿಂದಕ್ಕೆ ಬನ್ನಿ. ಟೇಪಿನಲ್ಲಿ ಅಳೆಯಿರಿ, ಅಂದಾಜು ಬೇಡ. ಗುರುತುಗಳ 10 ಸೆಂ.ಮೀ. ಕೆಳಗೆ ಅಡ್ಡಕ್ಕೆ ಗೆರೆ ಎಳೆಯಿರಿ. ಬೆಳಕು ಶೇ. 1 ಕೆಳಕ್ಕೆ ಬಾಗಿರಬೇಕು ಅಂದರೆ ಇದೇ, 10 ಮೀಟರಿಗೆ 10 ಸೆಂ.ಮೀ. ಜಾಗ ಕಮ್ಮಿ ಇದ್ದರೆ 5 ಮೀಟರಿಗೆ 5 ಸೆಂ.ಮೀ. ಲೆಕ್ಕ. ಕೆಲವು ಗಾಡಿಗಳ ಲೈಟಿನ ಮೇಲೋ ಬಾನೆಟ್ ಒಳಗಿನ ಸ್ಟಿಕರಿನಲ್ಲೋ ಸಣ್ಣ ದೀಪದ ಚಿತ್ರದ ಪಕ್ಕ ಶೇಕಡಾ ಸಂಖ್ಯೆ ಅಚ್ಚಾಗಿರುತ್ತದೆ. ಇದ್ದರೆ ಅದೇ ಅಂತಿಮ. ಎತ್ತರದ ಗಾಡಿಗೆ ಅದು ಸಾಮಾನ್ಯವಾಗಿ 1ಕ್ಕಿಂತ ಹೆಚ್ಚೇ ಇರುತ್ತದೆ.

ಕತ್ತಲಾದ ಮೇಲೆ ಲೋ ಬೀಮ್ ಹಚ್ಚಿ. ಒಂದು ದೀಪಕ್ಕೆ ಅಡ್ಡ ರಟ್ಟು ಹಿಡಿಸಿ ಇನ್ನೊಂದನ್ನು ನೋಡಿ. ಹ್ಯಾಲೊಜೆನ್ ಆದರೆ ಬಟ್ಟೆ ಹೊದಿಸಿ ಬಿಡಬೇಡಿ, ಕಾವಿಗೆ ಲೆನ್ಸ್ ಹಾಳಾಗುತ್ತದೆ. ಗೋಡೆಯ ಮೇಲೆ ಬೆಳಕಿನ ಮೇಲಂಚು ಬಲಗಡೆ ನೇರವಾಗಿ, ಎಡಗಡೆ ಮೇಲಕ್ಕೆ ಏರಿದಂತೆ ಕಾಣಬೇಕು, ಮೊಣಕೈ ಮಡಿಸಿದ ಹಾಗೆ. ನಾವು ಎಡಕ್ಕೆ ಓಡಿಸುವವರು. ಬಲದಿಂದ ಬರುವವನ ಕಣ್ಣಿಗೆ ಬೀಳದ ಹಾಗೆ ಆ ಕಡೆ ಗೆರೆ ತಗ್ಗು. ಎಡಗಡೆ ನಡೆದು ಹೋಗುವವರು, ಸೈಕಲ್, ಬೋರ್ಡು ಕಾಣಲಿ ಅಂತ ಈ ಕಡೆ ಗೆರೆ ಏರು. ನೇರ ಭಾಗ ನೀವೆಳೆದ ಗೆರೆಯ ಮೇಲೇ ಕೂರಬೇಕು. ಮೊಣಕೈ ಮಡಿಕೆ ಆ ದೀಪದ ಗುರುತಿನ ನೇರ ಕೆಳಗೇ ಇರಬೇಕು. ಏರು ಬಲಗಡೆಗೆ ಕಂಡರೆ ಯಾರೋ ಬಲಗಡೆ ಓಡಿಸುವ ದೇಶದ ಲೈಟು ತಂದು ಹಾಕಿದ್ದಾರೆ. ಸೆಕೆಂಡ್ ಹ್ಯಾಂಡ್ ಬಿಡಿಭಾಗ ಕೊಂಡವರು ಇದನ್ನು ನೋಡಿಯೇ ನೋಡಬೇಕು.

ಬೆಳಕಿನ ಅಂಚು ನೀವೆಳೆದ ಗೆರೆಗಿಂತ ಮೇಲಿದ್ದರೆ ಬಾನೆಟ್ ಎತ್ತಿ. ಲೈಟಿನ ಹಿಂಬದಿ ಸಾಮಾನ್ಯವಾಗಿ ಎರಡು ಸ್ಕ್ರೂ ಇರುತ್ತವೆ, ಒಂದು ಮೇಲೆ-ಕೆಳಗೆ, ಇನ್ನೊಂದು ಎಡ-ಬಲ. ಕೆಲವಕ್ಕೆ ಪ್ಲಸ್ ಸ್ಕ್ರೂಡ್ರೈವರ್ ಸಾಕು, ಕೆಲವಕ್ಕೆ ಅಲೆನ್ ಕೀ ಬೇಕು. ಯಾವುದು ಯಾವುದೆಂದು ಗಾಡಿಯ ಪುಸ್ತಕ ಹೇಳುತ್ತದೆ. ಕಾಲು ಸುತ್ತು ತಿರುಗಿಸಿ, ಗೋಡೆ ನೋಡಿ, ಮತ್ತೆ ಕಾಲು ಸುತ್ತು. ಜೋರು ಮಾಡಿದರೆ ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ. ತಾನಾಗೇ ಮಟ್ಟ ಸರಿಪಡಿಸಿಕೊಳ್ಳುವ ಲೈಟಾದರೆ ಸ್ಕ್ರೂ ಮುಟ್ಟಬೇಡಿ. ಅದನ್ನು ಸರ್ವಿಸ್ ಸೆಂಟರಿನವರು ಕಂಪ್ಯೂಟರ್ ಹಾಕಿಯೇ ಸೊನ್ನೆಗೆ ತರಬೇಕು.

ಹಾಗಂತ ತೀರ ಕೆಳಗೂ ಇಳಿಸಬೇಡಿ. ನೆಲದಿಂದ 70 ಸೆಂ.ಮೀ. ಎತ್ತರದ ದೀಪ ಶೇ. 1 ಬಾಗಿದ್ದರೆ ಬೆಳಕಿನ ಗೆರೆ 70 ಮೀಟರ್ ದೂರದಲ್ಲಿ ರಸ್ತೆ ಮುಟ್ಟುತ್ತದೆ. ಶೇ. 2 ಬಾಗಿಸಿದರೆ 35 ಮೀಟರಿಗೇ ಮುಗಿಯಿತು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವವನು ಅಡ್ಡ ಬಂದದ್ದನ್ನು ಕಂಡು, ಬ್ರೇಕ್ ಒತ್ತಿ, ನಿಲ್ಲುವ ಹೊತ್ತಿಗೆ ಒಣ ರಸ್ತೆಯಲ್ಲೂ ಹತ್ತಿರ ಹತ್ತಿರ 75 ಮೀಟರ್ ಹೋಗಿರುತ್ತಾನೆ. ಎಡಗಡೆಯ ಏರು ಸ್ವಲ್ಪ ಹೆಚ್ಚು ತೋರಿಸುತ್ತದೆ, ನಿಜ. ಆದರೂ ಬರೀ ಲೋ ಬೀಮ್ ನಂಬಿಕೊಂಡು ಕತ್ತಲ ರಸ್ತೆಯಲ್ಲಿ 80 ದಾಟಿಸುವವನು ಕಾಣದ ಜಾಗಕ್ಕೆ ಗಾಡಿ ಓಡಿಸುತ್ತಿದ್ದಾನೆ.

ಗೆರೆಯೇ ಕಾಣದೆ ಬೆಳಕು ಗೋಡೆ ತುಂಬ ಚೆಲ್ಲಾಡಿದ್ದರೆ? ಬಲ್ಬು ಸರಿಯಾಗಿ ಕೂತಿಲ್ಲ, ಇಲ್ಲವೇ ಮುಂದಿನ ಹೆಜ್ಜೆಯ ಗಿರಾಕಿ ನೀವು.

ಹೆಜ್ಜೆ 4: ಹ್ಯಾಲೊಜೆನ್ ಗೂಡಿಗೆ ಎಲ್‌ಇಡಿ ಹಾಕಿಸಿದ್ದರೆ ತೆಗೆಸಿ

ಇದನ್ನು ಹೇಳಿದರೆ ಗೆಳೆಯರು ಮುನಿಸಿಕೊಳ್ಳುತ್ತಾರೆ. ಆಕ್ಸೆಸರಿ ಅಂಗಡಿಯಲ್ಲಿ ಒಂದೆರಡು ಸಾವಿರಕ್ಕೆ ಸಿಗುವ, ಹಿಂದೆ ಸಣ್ಣ ಫ್ಯಾನ್ ಇರುವ ಎಲ್‌ಇಡಿ ಬಲ್ಬನ್ನು ನಾನೂ ಹಾಕಿಸಿದ್ದೆ. "ಸಾರ್, ಹಗಲಾಗಿಬಿಡುತ್ತೆ" ಅಂದಿದ್ದ ಅಂಗಡಿಯವನು. ಹಗಲೇ ಆಯಿತು, ಬಾನೆಟ್ ಮುಂದಿನ ಹದಿನೈದು ಮೀಟರಿಗೆ. ಅದರಾಚೆ ಮೊದಲಿಗಿಂತ ಕತ್ತಲು.

ಕಾರಣ ಎಚ್‌4 ಬಲ್ಬಿನ ಒಳಗೇ ಇದೆ. ಅದರಲ್ಲಿ ಎರಡು ತಂತಿ. ಲೋ ಬೀಮ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲಿದೆ. ರಿಫ್ಲೆಕ್ಟರಿನ ಕೆಳಭಾಗಕ್ಕೆ ಹೋಗುವ ಬೆಳಕನ್ನು ಆ ಬಟ್ಟಲು ತಡೆಯುವುದರಿಂದಲೇ ಕಟ್-ಆಫ್ ಗೆರೆ ಮೂಡುತ್ತದೆ. ರಿಫ್ಲೆಕ್ಟರಿನ ಪ್ರತಿ ತಿರುವೂ ಆ ಕೆಲವೇ ಮಿಲಿಮೀಟರ್ ತಂತಿ ಇರುವ ಜಾಗದ ಲೆಕ್ಕಕ್ಕೆ ಕೊರೆದದ್ದು. ಆ ಜಾಗದಲ್ಲಿ ಅಗಲದ ಚಿಪ್ಪನ್ನು ಎರಡು ಬದಿಗೆ ಅಂಟಿಸಿದ ಬಲ್ಬು ಕೂತರೆ ಬೆಳಕು ಹೊರಡುವ ಬಿಂದುವೇ ಬೇರೆಯಾಯಿತು. ರಿಫ್ಲೆಕ್ಟರ್ ಅದನ್ನು ಎಲ್ಲೆಂದರಲ್ಲಿಗೆ ಎಸೆಯುತ್ತದೆ. ಮೂತಿ ಮುಂದಿನ ನೆಲ ಬಿಳಿಚಿ ಬೆಳಗಿದರೆ ಕಣ್ಣು ಆ ಹೊಳಪಿಗೇ ಹೊಂದಿಕೊಂಡು ದೂರದ ಮಸುಕು ವಸ್ತುವನ್ನು ಬಿಟ್ಟುಬಿಡುತ್ತದೆ. ನಮಗೆ ಚೆನ್ನಾಗಿ ಕಾಣುತ್ತಿದೆ ಅನ್ನುವ ಭಾವನೆ ಮಾತ್ರ ಹೆಚ್ಚುತ್ತದೆ.

100/90 ವ್ಯಾಟ್ (ಹೈಗೆ 100, ಲೋಗೆ 90) ಹ್ಯಾಲೊಜೆನ್ ಬಲ್ಬೂ ಬೇಡ. 60/55ಕ್ಕೆ ಎಳೆದ ವೈರು ಕಾದು ಹೋಲ್ಡರ್ ಕರಗಿದ ಕಥೆ ಯಾವ ಎಲೆಕ್ಟ್ರಿಷಿಯನ್ ಕೇಳಿದರೂ ಹೇಳುತ್ತಾನೆ. ಬೆಳಕು ಸಾಲದು ಅನಿಸಿದರೆ ಒಳ್ಳೆಯ ಕಂಪನಿಯ 60/55 ಬಲ್ಬನ್ನೇ ಜೊತೆಯಾಗಿ ಎರಡೂ ಕಡೆ ಬದಲಿಸಿ, ಲೆನ್ಸ್ ಪಾಲಿಶ್ ಮಾಡಿಸಿ, ಬಲ್ಬಿಗೆ ಪೂರ್ತಿ ವೋಲ್ಟೇಜ್ ಬರುತ್ತಿದೆಯೇ ನೋಡಿಸಿ. ಹಳೆಯ ಗಾಡಿಗಳಲ್ಲಿ ರಿಲೇ (ಬ್ಯಾಟರಿಯಿಂದ ನೇರ ಕರೆಂಟು ಕೊಡಿಸುವ ಸ್ವಿಚ್ಚು) ಹಾಕಿಸಿದರೆ ಮಂಕು ಲೈಟು ಚೇತರಿಸಿಕೊಂಡಿದ್ದನ್ನು ನಾನೇ ನೋಡಿದ್ದೇನೆ. ಜೀಪಿನ ತಲೆ ಮೇಲೆ, ಬೈಕಿನ ಕ್ರಾಶ್ ಗಾರ್ಡಿಗೆ ಕಟ್ಟುವ ಎಲ್‌ಇಡಿ ಬಾರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವಕ್ಕೆ ಕಟ್-ಆಫ್ ಅನ್ನುವುದೇ ಇಲ್ಲ, ರಸ್ತೆಯಲ್ಲಿ ಹಚ್ಚುವಂಥವಲ್ಲ.

ಹೆಜ್ಜೆ 5: ಡಯಲ್ ಅಭ್ಯಾಸ ಮಾಡಿಕೊಳ್ಳಿ

0 ಅಂದರೆ ಲೈಟು ಅತಿ ಎತ್ತರಕ್ಕೆ, ಡ್ರೈವರ್ ಒಬ್ಬನೇ ಇರುವಾಗ. ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕೆಳಕ್ಕೆ. ಐದೂ ಜನ ಕೂತರೆ ಮಧ್ಯದ ಸಂಖ್ಯೆ, ಜೊತೆಗೆ ಡಿಕ್ಕಿಯೂ ತುಂಬಿದ್ದರೆ ಕೊನೆಯ ಕಡೆ. ನಿಖರ ಸಂಖ್ಯೆ ಗಾಡಿಗಾಡಿಗೆ ಬದಲು, ಪುಸ್ತಕದಲ್ಲಿ ಪಟ್ಟಿ ಇರುತ್ತದೆ. ಮದುವೆ ಮನೆಗೆ, ಧರ್ಮಸ್ಥಳಕ್ಕೆ, ಊರಿಗೆ ಹೊರಡುವಾಗ ಲಗೇಜ್ ಹಾಕಿದ ಕೈಯಲ್ಲೇ ಡಯಲ್ ತಿರುಗಿಸಿ. ವಾಪಸ್ ಬಂದು ಇಳಿಸಿದ ಮೇಲೆ 0ಗೆ ತರುವುದನ್ನೂ ಮರೆಯಬೇಡಿ.

ಬೈಕಿಗೆ ಡಯಲ್ ಇಲ್ಲ. ಹಿಂದೆ ಒಬ್ಬರು ಕೂತ ಕೂಡಲೇ ಮೂತಿ ಏಳುತ್ತದೆ. ದಿನಾ ಇಬ್ಬರೇ ಓಡಾಡುವವರಾದರೆ ಇಬ್ಬರೂ ಕೂತೇ ಗೋಡೆ ಪರೀಕ್ಷೆ ಮಾಡಿ. ಹೆಡ್‌ಲೈಟಿನ ಪಕ್ಕದ ಬೋಲ್ಟ್ ಸಡಿಲಿಸಿ ಅಥವಾ ಕೆಳಗಿನ ಸ್ಕ್ರೂ ತಿರುಗಿಸಿ ಬಾಗಿಸಬಹುದು. ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರಿಲೋಡ್ (ಸ್ಪ್ರಿಂಗಿನ ಬಿಗಿ) ಒಂದು ಹಲ್ಲು ಬಿಗಿ ಮಾಡಿಸಿದರೂ ಮೂತಿ ತಗ್ಗುತ್ತದೆ.

ಹೆಜ್ಜೆ 6: ಡಿಪ್ ಮಾಡುವ ಹೊತ್ತು

ಲಾರಿ ಹಿಂದೆ "ಯೂಸ್ ಡಿಪ್ಪರ್ ಅಟ್ ನೈಟ್" ಅಂತ ಬರೆದಿರುವುದನ್ನು ಚಿಕ್ಕಂದಿನಿಂದ ಓದಿಕೊಂಡೇ ಬೆಳೆದಿದ್ದೇವೆ. ಡಿಪ್ ಮಾಡುವುದು, ಅಂದರೆ ಹೈನಿಂದ ಲೋಗೆ ಇಳಿಸುವುದು, ಯಾವಾಗ ಅಂತ ಮಾತ್ರ ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ನನಗೆ ಹೇಳಿಕೊಡಲಿಲ್ಲ. ಎದುರು ಗಾಡಿಯ ಎರಡು ದೀಪ ಎರಡಾಗಿ ಬೇರೆ ಕಾಣುವ ಮೊದಲೇ ಇಳಿಸಿ. ತಿರುವಿನಾಚೆ ಬೆಳಕಿನ ಹೊಳಪು ಕಂಡರೆ ಗಾಡಿ ಕಾಣುವ ತನಕ ಕಾಯಬೇಡಿ. ಮುಂದೆ ಹೋಗುತ್ತಿರುವ ಗಾಡಿಯ ಹಿಂದೆ ಬಂದಾಗಲೂ ಲೋ ಬೀಮೇ. ಮೂರು ಕನ್ನಡಿಯಿಂದ ಅವನ ಕಣ್ಣಿಗೆ ಹೊಡೆಯುತ್ತದೆ. ಸೈಕಲ್‌ನವರಿಗೆ, ನಡೆದು ಬರುವವರಿಗೂ ಡಿಪ್ ಮಾಡಿ. ಅವರಿಗೂ ಎರಡು ಕಣ್ಣಿವೆ, ಹಳ್ಳದ ಅಂಚಿನಲ್ಲಿ ನಡೆಯುತ್ತಿರುವವರು ಅವರೇ.

ಆಟೊ ಹೈ ಬೀಮ್ ಇರುವ ಗಾಡಿಯವರು ಕ್ಯಾಮೆರಾ ನೋಡಿಕೊಳ್ಳುತ್ತದೆ ಅಂತ ಸುಮ್ಮನಿರಬೇಡಿ. ಅದು ಹುಡುಕುವುದು ಬೇರೆ ಗಾಡಿಗಳ ದೀಪವನ್ನು. ದೀಪವಿಲ್ಲದೆ ನಡೆದು ಬರುವ ಮನುಷ್ಯನಿಗೆ ಅದು ಡಿಪ್ ಮಾಡುವ ಭರವಸೆಯಿಲ್ಲ. ಹೆದ್ದಾರಿಯ ಡಿವೈಡರಿನಲ್ಲಿ ಕಣಗಿಲೆ ಪೊದೆ ಬೆಳೆಸಿರುತ್ತಾರಲ್ಲ, ಎದುರು ಬೆಳಕು ತಡೆಯಲಿ ಅಂತ. ಆ ಪೊದೆ ಲಾರಿಯ ದೀಪವನ್ನು ಕ್ಯಾಮೆರಾದಿಂದ ಮರೆಮಾಡುತ್ತದೆ, ಆದರೆ ಎತ್ತರದ ಕ್ಯಾಬಿನ್ನಿನಲ್ಲಿ ಕೂತ ಲಾರಿ ಡ್ರೈವರನ ಕಣ್ಣು ಪೊದೆಗಿಂತ ಮೇಲಿರುತ್ತದೆ. ಅಲ್ಲಿ ನಿಮ್ಮ ಕೈಯೇ ಡಿಪ್ ಮಾಡಬೇಕು.

ಹೆಜ್ಜೆ 7: ನಿಮ್ಮ ಕಣ್ಣಿಗೆ ಹೊಡೆದಾಗ

ಎದುರಿನವನು ಇಳಿಸಲಿಲ್ಲ. ಒಂದು ಸಲ ಫ್ಲ್ಯಾಶ್ ಮಾಡಿ ನೆನಪಿಸಿ. ಆಗಲೂ ಇಳಿಸದಿದ್ದರೆ ಬಿಡಿ. ಹಟಕ್ಕೆ ನೀವೂ ಹೈ ಹಾಕಿದರೆ ಒಂದೇ ರಸ್ತೆಯಲ್ಲಿ ಇಬ್ಬರು ಕುರುಡರು.

ಆಕ್ಸಿಲರೇಟರ್ ಬಿಡಿ. ಕಣ್ಣನ್ನು ಆ ದೀಪದಿಂದ ಕಿತ್ತು ರಸ್ತೆಯ ಎಡ ಅಂಚಿನ ಬಿಳಿ ಗೆರೆಗೆ ತಿರುಗಿಸಿ. ಇದು ಬರೀ ಸಮಾಧಾನದ ಮಾತಲ್ಲ. ಚುಚ್ಚುವ ಬೆಳಕು ಕಣ್ಣಿನೊಳಗೆ ಚದುರಿ ನೋಟದ ಮೇಲೆ ಬಿಳಿ ಪರದೆ ಎಳೆಯುತ್ತದೆ. ನಾವು ನೋಡುವ ದಿಕ್ಕಿಗೂ ದೀಪಕ್ಕೂ ನಡುವಿನ ಕೋನ ಎರಡು ಪಟ್ಟಾದರೆ ಆ ಪರದೆ ಸುಮಾರು ನಾಲ್ಕನೇ ಒಂದು ಭಾಗಕ್ಕೆ ತೆಳುವಾಗುತ್ತದೆ. ನೋಟ ಕೆಲವೇ ಡಿಗ್ರಿ ಸರಿದರೂ ಲಾಭವಿದೆ.

ವೇಗ ಇಳಿಸುವುದು ಯಾಕೆಂದರೆ, ಗಾಡಿ ಹಾದುಹೋದ ಮೇಲೂ ಕಣ್ಣು ಕೂಡಲೇ ತಿಳಿಯಾಗುವುದಿಲ್ಲ. 80ರಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತೇವೆ. ಮೂರು ಸೆಕೆಂಡ್ ಮಸುಕಾಗಿದ್ದರೆ 66 ಮೀಟರ್ ಕಾಣದೆ ಓಡಿಸಿದಂತೆ. ಮಂಡ್ಯದ ಕಡೆ, ಬೆಳಗಾವಿ ಕಡೆ ಕಬ್ಬು ಅರೆಯುವ ಕಾಲದಲ್ಲಿ ಓಡಾಡಿದವರಿಗೆ ಆ 66 ಮೀಟರಿನಲ್ಲಿ ಏನಿರಬಹುದು ಅಂತ ಹೇಳಬೇಕಿಲ್ಲ. ಹಿಂದೆ ಒಂದು ಕೆಂಪು ರಿಫ್ಲೆಕ್ಟರೂ ಇಲ್ಲದ, ಕಬ್ಬಿನ ಜಲ್ಲೆ ಹೊರಚಾಚಿದ ಟ್ರ್ಯಾಕ್ಟರ್ ಟ್ರೇಲರ್. ಎದುರು ಬೆಳಕಿನ ಹಿಂದೆ ಅದು ಕಾಣುವುದೇ ಇಲ್ಲ.

ಹಿಂದಿನಿಂದ ಹೊಡೆಯುವ ಲೈಟಿಗೆ ಉಪಾಯ ಸುಲಭ. ಒಳಗಿನ ಕನ್ನಡಿಯ ಕೆಳಗೊಂದು ಸಣ್ಣ ಕಡ್ಡಿ ಇದೆ, ಅದನ್ನು ಹಿಂದಕ್ಕೋ ಮುಂದಕ್ಕೋ ತಳ್ಳಿ. ಕನ್ನಡಿಯ ಗಾಜು ಬೆಣೆಯಾಕಾರದ್ದು. ಕಡ್ಡಿ ತಳ್ಳಿದಾಗ ಹಿಂದಿನ ಬೆಳ್ಳಿಯ ಪದರದ ಬದಲು ಗಾಜಿನ ಮುಂಭಾಗ ಮಾತ್ರ ನಿಮ್ಮತ್ತ ಪ್ರತಿಫಲಿಸುತ್ತದೆ, ಅದು ಶೇ. 4ರಷ್ಟು ಬೆಳಕು. ಗಾಡಿ ಕಾಣುತ್ತದೆ, ಕಣ್ಣು ಕೋರೈಸುವುದಿಲ್ಲ.

ಮುಂಗಾಜಿನ ಒಳಮೈಯನ್ನು ತಿಂಗಳಿಗೊಮ್ಮೆ ಒರೆಸಿ. ಡ್ಯಾಶ್‌ಬೋರ್ಡಿನ ಪಾಲಿಶ್, ಉಸಿರು, ಎಸಿ ಸೇರಿ ಕಟ್ಟಿದ ಜಿಡ್ಡು ಹಗಲಲ್ಲಿ ಕಾಣುವುದಿಲ್ಲ. ರಾತ್ರಿ ಪ್ರತಿ ದೀಪಕ್ಕೂ ನಕ್ಷತ್ರದ ಮೀಸೆ ಬರಿಸುತ್ತದೆ. ಗೀರು ಬಿದ್ದ ಹೆಲ್ಮೆಟ್ ವೈಸರ್ ಇದಕ್ಕಿಂತ ಕೆಟ್ಟದು. ಬದಲಿಸಿ, ಅಷ್ಟೆ.

ಘಾಟಿ ಮತ್ತು ಮಂಜು

ಗೋಡೆ ಪರೀಕ್ಷೆ ಪಾಸಾದ ಲೈಟೂ ಘಾಟಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ, ಅದು ಯಾರ ತಪ್ಪೂ ಅಲ್ಲ. ಏರುತ್ತಿರುವ ಗಾಡಿಯ ಮೂತಿ ಆಕಾಶ ನೋಡುತ್ತಿರುತ್ತದೆ. ಶಿರಾಡಿ, ಚಾರ್ಮಾಡಿ, ಆಗುಂಬೆಯ ತಿರುವುಗಳಲ್ಲಿ ಬೆಳಕು ನಿಮ್ಮ ಮೇಲೆ ಒಮ್ಮೆ ಬೀಸಿ ಹೋಗುವುದು ಸಹಜ, ಬೈಯದೆ ನಿಧಾನಿಸಿ. ಹಂಪ್ ಏರುವ ಗಾಡಿಯೂ ಒಂದು ಕ್ಷಣ ಫ್ಲ್ಯಾಶ್ ಮಾಡಿದಂತೆಯೇ ಕಾಣುತ್ತದೆ. ಅದನ್ನು ಜಗಳಕ್ಕೆ ಕರೆದದ್ದು ಅಂದುಕೊಂಡು ತಿರುಗಿ ಹೈ ಬೀಮ್ ಹಾಕಿದವರನ್ನು ನೋಡಿದ್ದೇನೆ.

ಕೊಟ್ಟಿಗೆಹಾರದಲ್ಲಿ ಮಂಜು ಕವಿದಾಗ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ, ನಿಮ್ಮದೇ ಬೆಳಕು ಹನಿಗಳಿಗೆ ಬಡಿದು ವಾಪಸ್ ಬರುತ್ತದೆ. ಲೋ ಬೀಮ್, ಬಂಪರಿನಲ್ಲಿ ತಗ್ಗಿಗಿರುವ ಫಾಗ್ ಲ್ಯಾಂಪ್, ನಿಧಾನ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಅನ್ನುವುದು ಹಳೆಯ ನಂಬಿಕೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು, ಅದು ಹಳದಿಯನ್ನೂ ಬಿಳಿಯನ್ನೂ ಒಂದೇ ತೆರನಾಗಿ ಚದುರಿಸುತ್ತದೆ. ಹಳದಿಯಲ್ಲಿ ಕಣ್ಣಿಗೆ ಕಿರಿಕಿರಿ ಕಮ್ಮಿ ಅನ್ನುವುದು ಮಾತ್ರ ನಿಜ. ಫ್ರಾನ್ಸಿನಲ್ಲಿ 1993ರ ತನಕ ಕಾರುಗಳಿಗೆ ಹಳದಿ ಹೆಡ್‌ಲೈಟೇ ಕಡ್ಡಾಯವಾಗಿತ್ತು. ಮಂಜು ಇಲ್ಲದಾಗ ಫಾಗ್ ಲ್ಯಾಂಪ್ ಆರಿಸಿ.

ಕಣ್ಣಿನ ಡಾಕ್ಟರರ ಹತ್ತಿರ

ವಯಸ್ಸಾದಂತೆ ಕಣ್ಣಿನ ಮಸೂರದಲ್ಲಿ ಬೆಳಕು ಹೆಚ್ಚು ಚದುರುತ್ತದೆ. 70ರ ಹೊತ್ತಿಗೆ ಎಳೆಯರ ಕಣ್ಣಿನ ಎರಡು ಪಟ್ಟು. ಅಪ್ಪ "ರಾತ್ರಿ ಗಾಡಿ ಓಡಿಸೋಕಾಗಲ್ಲ ಕಣೋ, ಲೈಟು ಹೂವಿನ ಥರ ಅರಳುತ್ತೆ" ಅಂದರೆ ಅದನ್ನು ಮುದುಕರ ಗೊಣಗಾಟ ಅನ್ನಬೇಡಿ; ಪೊರೆ ಶುರುವಾಗಿರಬಹುದು, ತೋರಿಸಿ. ಕನ್ನಡಕಕ್ಕೆ ಆ್ಯಂಟಿ ರಿಫ್ಲೆಕ್ಷನ್ ಕೋಟಿಂಗ್ ಹಾಕಿಸುವುದು ಒಳ್ಳೆಯದು. ಹೆದ್ದಾರಿ ಪಕ್ಕದಲ್ಲಿ ಮಾರುವ ಹಳದಿ "ನೈಟ್ ಡ್ರೈವಿಂಗ್" ಕನ್ನಡಕ ಬೇಡ. ಬೋಸ್ಟನ್ನಿನ ಸಂಶೋಧಕರು ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದುರು ಬೆಳಕಿನಲ್ಲಿ ಪಾದಚಾರಿಯನ್ನು ಗುರುತಿಸಲು ಅವುಗಳಿಂದ ಲಾಭ ಕಾಣಲಿಲ್ಲ. ಯಾವ ಬಣ್ಣದ ಗಾಜಾದರೂ ಬೆಳಕನ್ನು ಕಡಿಮೆ ಮಾಡುತ್ತದೆ, ಇರುವುದೇ ಕಮ್ಮಿ ಬೆಳಕು.

ಕಾನೂನು ಏನನ್ನುತ್ತದೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೇ ನಿಯಮದಲ್ಲಿ ಅಳತೆಯೇ ಇದೆ: ದೀಪದಿಂದ 8 ಮೀಟರ್ ಮುಂದೆ, ಗಾಡಿಯ ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿಟ್ಟವರಿಗೆ ಕೆಳಗಿಳಿಸಿದ ಬೆಳಕು ಕೋರೈಸಬಾರದು. ನನ್ನ ಅಭಿಪ್ರಾಯದಲ್ಲಿ ಇದು ಸಲೀಸಾದ ಪರೀಕ್ಷೆ, ಸಣ್ಣ ಕಾರಿನವನ ಕಣ್ಣು ಅದಕ್ಕಿಂತ ತಗ್ಗಿನಲ್ಲಿರುತ್ತದೆ. ನೀವು ಕುಕ್ಕರುಗಾಲಲ್ಲಿ ಕೂತು ನೋಡಿ, ನನ್ನನ್ನು ಭಾಮೈದ ಕೂರಿಸಿದ ಹಾಗೆ. ಕರ್ನಾಟಕದಲ್ಲಿ 2024ರ ಜುಲೈನಿಂದ ಪೊಲೀಸರು ಕಣ್ಣು ಕುಕ್ಕುವ ಲೈಟುಗಳ ಮೇಲೆ ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ ಅಡಿ ಕೇಸು ಹಾಕಲು ಹೊರಟರು. ಆ ಸೆಕ್ಷನ್ನಿನಲ್ಲಿ ಮೊದಲ ಸಲ 500, ಆಮೇಲೆ 1500 ರೂಪಾಯಿ ದಂಡ. ಲೈಟು ಬದಲಿಸಿದ ಅಂಗಡಿಯವನು ದಂಡ ಕಟ್ಟುವುದಿಲ್ಲ, ನೀವೇ ಕಟ್ಟಬೇಕು.

ಮತ್ತೆ ಯಾವಾಗ ನೋಡಬೇಕು

ಬಲ್ಬು ಬದಲಿಸಿದ ದಿನ, ಸಸ್ಪೆನ್ಷನ್ ಕೆಲಸವಾದ ದಿನ, ಬೇರೆ ಅಳತೆಯ ಟೈರ್ ಹಾಕಿಸಿದ ದಿನ, ಬಂಪರ್ ತಾಗಿಸಿಕೊಂಡ ದಿನ. ಇವ್ಯಾವೂ ಇಲ್ಲದಿದ್ದರೆ ವರ್ಷಕ್ಕೊಮ್ಮೆ. ಆಯುಧಪೂಜೆಗೆ ಗಾಡಿ ತೊಳೆದ ಸಂಜೆ ನನಗೆ ಅನುಕೂಲ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಾನು ಎಳೆದ ಸೀಮೆಸುಣ್ಣದ ಗೆರೆಯನ್ನು ವಾಚ್‌ಮನ್ ಎರಡು ಸಲ ಒರೆಸಿದ. ಮೂರನೇ ಸಲ ವಿಷಯ ಕೇಳಿ ತಿಳಿದುಕೊಂಡು, ಮಿಕ್ಕಿದ್ದ ಪೇಂಟ್ ತಂದು ಅವನೇ ಎಳೆದುಕೊಟ್ಟ. ಈಗ ಅಲ್ಲಿ ಮೂರು ಗೆರೆಗಳಿವೆ. ನನ್ನ ಕಾರಿನದು, ಎದುರು ಮನೆಯವರ ಎಸ್‌ಯುವಿಯದು, ಕೆಳಗಿನದು ಅವನ ಟಿವಿಎಸ್‌ದು.